ಗೇರಿನ ಪಕ್ಕದ ಪುಟ್ಟ ಕಿಂಡಿ

ಎಷ್ಟೋ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್ ಲಿವರಿನ ಪಕ್ಕ ಉಗುರಿನಷ್ಟಗಲದ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಹತ್ತು ವರ್ಷ ಅದೇ ಗಾಡಿ ಓಡಿಸಿದವರೂ ಅದನ್ನು ಗಮನಿಸಿರುವುದಿಲ್ಲ. ಗಮನಿಸಿದವರು, ಅಲ್ಲೊಂದು ಸ್ವಿಚ್ ಬರಬೇಕಿತ್ತು, ನಮ್ಮ ಮಾಡೆಲ್ಲಿಗೆ ಕೊಟ್ಟಿಲ್ಲ, ಟಾಪ್ ಎಂಡ್‌ನವರಿಗೆ ಕೊಟ್ಟಿರಬೇಕು ಎಂದುಕೊಂಡು ಸುಮ್ಮನಾಗಿರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಕಾರುಗಳ ವೈರಿಂಗ್ ಮಾಡುತ್ತಲೇ ತಲೆ ನರೆತ ನನಗೆ ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಕುತೂಹಲದ ಜಾಗ ಅದೇ. ಗೇರು ‘ಪಾರ್ಕ್’ನಲ್ಲಿ ಸಿಕ್ಕಿಕೊಂಡು ಬ್ರೇಕ್ ಒತ್ತಿದರೂ ಅಲ್ಲಾಡದೇ ಇದ್ದಾಗ ಗಾಡಿಯನ್ನು ನ್ಯೂಟ್ರಲ್‌ಗೆ ತರುವ ಕಿಂಡಿ ಆ ಮುಚ್ಚಳದ ಕೆಳಗಿದೆ. ಪಾರ್ಕ್‌ಗೆ ಬೀಗ ಯಾಕೆ ಬಂತು, ಬೀಗದ ಪಕ್ಕದಲ್ಲೇ ಈ ಕಿಂಡಿ ಯಾಕೆ ಬಂತು ಎಂದು ಕೇಳುತ್ತಾ ಹೋದರೆ ಎಂಬತ್ತು ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲಿಗೆ ಪಾರ್ಕ್ ಎಂಬುದೇ ಇರಲಿಲ್ಲ. ಕ್ಲಚ್ ಪೆಡಲ್ ಇಲ್ಲದ, ಪೂರ್ತಿ ತಾನೇ ಗೇರು ಬದಲಿಸುವ ಪೆಟ್ಟಿಗೆಯೊಂದು ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದದ್ದು ಅಮೆರಿಕದಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ. ಹೆಸರು ಹೈಡ್ರಾಮ್ಯಾಟಿಕ್. ಹೆಚ್ಚುವರಿ ಬೆಲೆ 57 ಡಾಲರ್. ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ನೇತೃತ್ವದ ತಂಡ ಅದನ್ನು ರೂಪಿಸಿತ್ತು. ಗೇರು ಹಾಕುವಾಗ ಕರ್ರೆನ್ನದಂತೆ ಮಾಡಿದ ಸಿಂಕ್ರೋಮೆಶ್ ಕೂಡ ಈತನದೇ. ಎರಡನೇ ಮಹಾಯುದ್ಧದಲ್ಲಿ ಇದೇ ಪೆಟ್ಟಿಗೆ ಅಮೆರಿಕದ ಹಗುರ ಟ್ಯಾಂಕುಗಳಲ್ಲಿ ಓಡಾಡಿ ಗಟ್ಟಿ ಎನಿಸಿಕೊಂಡಿತು. ಅದರ ಸೂಚಿಯಲ್ಲಿ ಇದ್ದ ಸ್ಥಾನಗಳು ನಾಲ್ಕೇ: ನ್ಯೂಟ್ರಲ್ (ಎನ್), ಡ್ರೈವ್ (ಡಿ), ಲೋ (ಎಲ್), ರಿವರ್ಸ್ (ಆರ್). ಗಾಡಿ ನಿಲ್ಲಿಸುವವರು ಎಂಜಿನ್ ಆರಿಸಿ ರಿವರ್ಸ್‌ಗೆ ಹಾಕಿಡುತ್ತಿದ್ದರು. ಒಳಗೊಂದು ಕೊಕ್ಕೆ ಬಿದ್ದು ಚಕ್ರ ಹಿಡಿದುಕೊಳ್ಳುತ್ತಿತ್ತು.

ಪಿ ಎಂಬ ಅಕ್ಷರ 1948ರ ಬ್ಯೂಯಿಕ್ ಕಾರಿನ ಡೈನಾಫ್ಲೋ ಪೆಟ್ಟಿಗೆಯಲ್ಲಿ ಕಾಣುತ್ತದೆ. ಹೈಡ್ರಾಮ್ಯಾಟಿಕ್‌ಗೆ ಅದು ಬಂದದ್ದು 1956ರಲ್ಲಿ. ಒಳಗಿನ ಕೆಲಸ ಬಹಳ ಸರಳ. ಗೇರ್‌ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಶಾಫ್ಟಿನ ಮೇಲೆ ಹಲ್ಲುಗಳಿರುವ ಒಂದು ಬಳೆ. ಪಕ್ಕದಲ್ಲಿ ಬೆರಳುದ್ದದ ಉಕ್ಕಿನ ಕೊಕ್ಕೆ. ಪಾರ್ಕ್‌ಗೆ ಹಾಕಿದರೆ ಕೊಕ್ಕೆ ಹಲ್ಲಿನ ಸಂದಿಗೆ ಬೀಳುತ್ತದೆ, ಅಷ್ಟೇ. ಎತ್ತಿನ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಪಾರ್ಕ್‌ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಒಂದೂವರೆ ಟನ್ ಭಾರವೆಲ್ಲ ಆ ಬೆರಳುದ್ದದ ಕೊಕ್ಕೆಯ ಮೇಲೆ ಕೂರುತ್ತದೆ. ಮತ್ತೆ ತೆಗೆಯುವಾಗ ಲಿವರ್ ಬಿಗಿದುಕೊಂಡು ‘ಟಕ್’ ಎಂದು ಬಿಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಆಟೊಮ್ಯಾಟಿಕ್ ಓಡಿಸುವವರಿಗೆ ನಾನು ಮೊದಲು ಹೇಳುವ ಮಾತು: ಬ್ರೇಕ್ ಒತ್ತಿಕೊಂಡೇ ಹ್ಯಾಂಡ್ ಬ್ರೇಕ್ ಎಳೆಯಿರಿ, ಆಮೇಲೆ ಪಾರ್ಕ್.

ಆ ಕಾಲದಲ್ಲಿ ಯಾವ ಅಕ್ಷರ ಎಲ್ಲಿರಬೇಕು ಎಂಬುದಕ್ಕೆ ಕಟ್ಟುಪಾಡು ಇರಲಿಲ್ಲ. ಒಬ್ಬರದು ಪಿ-ಎನ್-ಡಿ-ಎಲ್-ಆರ್, ಇನ್ನೊಬ್ಬರದು ಪಿ-ಆರ್-ಎನ್-ಡಿ-ಎಲ್. ಕ್ರೈಸ್ಲರ್‌ನವರು 1956ರಿಂದ 1964ರವರೆಗೆ ಲಿವರನ್ನೇ ಕಿತ್ತುಹಾಕಿ ಗುಂಡಿ ಕೊಟ್ಟರು. ಮೊದಮೊದಲು ಅದರಲ್ಲಿ ಪಾರ್ಕ್ ಇರಲೇ ಇಲ್ಲ. ಹಿಮದಲ್ಲಿ ಹೂತ ಗಾಡಿಯನ್ನು ಹಿಂದೆ ಮುಂದೆ ಜಗ್ಗಿ ಎಬ್ಬಿಸಲು ಎಲ್ ಮತ್ತು ಆರ್ ಅಕ್ಕಪಕ್ಕ ಇದ್ದರೆ ಅನುಕೂಲ ಎಂಬ ವಾದವೂ ಇತ್ತು. ಆದರೆ ಮುಂದಕ್ಕೆ ಹೋಗಬೇಕಾದವನು ಒಂದೇ ಮನೆ ತಪ್ಪಿದರೆ ಹಿಂದಕ್ಕೆ ಹೋಗುತ್ತಿದ್ದ. ಈ ಗೊಂದಲದ ಬಗ್ಗೆ ರಾಲ್ಫ್ ನೇಡರ್ 1965ರ ತಮ್ಮ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದಲ್ಲಿ ಬರೆದರು. ಮರುವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾಯ್ದೆ ಬಂತು. 1968ರಿಂದ ಜಾರಿಯಾದ 102ನೇ ಸಂಖ್ಯೆಯ ಮಾನದಂಡ, ಮುಂದೆ ಹೋಗುವ ಗೇರು ಮತ್ತು ರಿವರ್ಸ್ ನಡುವೆ ನ್ಯೂಟ್ರಲ್ ಇರಲೇಬೇಕು ಎಂದಿತು. ಇಂದು ಜಗತ್ತಿನ ಹೆಚ್ಚಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಪಿ, ಆರ್, ಎನ್, ಡಿ ಇದೇ ಸಾಲಿನಲ್ಲಿ ಸಿಗುವುದಕ್ಕೆ ಬೇರು ಅಲ್ಲಿದೆ.

ಅಕ್ಷರಗಳು ಸಾಲಾಗಿ ನಿಂತವು, ಅಪಘಾತ ನಿಲ್ಲಲಿಲ್ಲ. 1970ರ ದಶಕದ ಫೋರ್ಡ್ ಕಾರುಗಳ ಮೇಲೆ ಒಂದೇ ಬಗೆಯ ದೂರು ಸಾವಿರಗಟ್ಟಲೆ ಬಂತು. ಪಾರ್ಕ್‌ಗೆ ಹಾಕಿದ್ದೇನೆ ಎಂದುಕೊಂಡು ಎಂಜಿನ್ ಆರಿಸದೆ ಇಳಿಯುತ್ತಾರೆ. ಲಿವರ್ ನಿಜವಾಗಿ ಪಿ ಮತ್ತು ಆರ್ ನಡುವಿನ ಏಣಿನ ಮೇಲೆ ನಿಂತಿರುತ್ತದೆ. ಒಂದು ನಡುಕಕ್ಕೆ ಅದು ರಿವರ್ಸ್‌ಗೆ ಜಾರಿ, ಗಾಡಿ ಇಳಿದವರ ಮೇಲೆಯೇ ಬರುತ್ತದೆ. ವಾಪಸ್ ಕರೆಸಿ ಸರಿಪಡಿಸಬೇಕು ಎಂಬ ಒತ್ತಾಯ ಜೋರಾಗಿಯೇ ಇತ್ತು. 1980ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಮತ್ತು ಕಂಪನಿ ನಡುವೆ ರಾಜಿಯಾಗಿ, ಸುಮಾರು 2 ಕೋಟಿ 30 ಲಕ್ಷ ವಾಹನಗಳ ಮಾಲೀಕರಿಗೆ ಅಂಚೆಯಲ್ಲಿ ಒಂದೊಂದು ಸ್ಟಿಕ್ಕರ್ ಹೋಯಿತು. ಪಾರ್ಕ್ ಸರಿಯಾಗಿ ಬಿದ್ದಿದೆಯೇ ನೋಡಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ ಎಂಬ ಬುದ್ಧಿಮಾತು ಅದರಲ್ಲಿತ್ತು. ಕಬ್ಬಿಣದ ತೊಂದರೆಗೆ ಕಾಗದದ ಪರಿಹಾರ!

ಬೀಗ ಬಂದದ್ದು ಇನ್ನೊಂದು ಗಲಾಟೆಯಿಂದ. 1980ರ ದಶಕದಲ್ಲಿ ಆಡಿ 5000 ಎಂಬ ಕಾರಿನ ಮೇಲೆ ಅಮೆರಿಕದಲ್ಲಿ ವಿಚಿತ್ರ ದೂರು ಎದ್ದಿತು. ಪಾರ್ಕ್‌ನಿಂದ ಗೇರು ತೆಗೆದ ಕೂಡಲೇ ಗಾಡಿ ತಾನಾಗಿ ನುಗ್ಗುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ ಎಂದು. ಮಕ್ಕಳು ಸತ್ತ ಪ್ರಕರಣವೂ ಇತ್ತು. 1986ರ ನವೆಂಬರ್ 23ರಂದು ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಇದನ್ನೇ ಎತ್ತಿಕೊಂಡಿತು. ಯಾರೂ ತುಳಿಯದೆಯೇ ಆಕ್ಸಿಲರೇಟರ್ ಕೆಳಗೆ ಹೋಗುವುದನ್ನು ತೆರೆಯ ಮೇಲೆ ತೋರಿಸಿದರು. ಗೇರ್‌ಬಾಕ್ಸಿಗೆ ತೂತು ಕೊರೆದು ಹೊರಗಿನಿಂದ ಒತ್ತಡದ ಗಾಳಿ ಬಿಟ್ಟು ಅದನ್ನು ಮಾಡಿದ್ದು ಎಂಬುದು ಆಮೇಲೆ ತಿಳಿಯಿತು. ಆದರೆ ಟಿ.ವಿ. ನೋಡಿದವರು ಮರೆಯಲಿಲ್ಲ. 1985ರಲ್ಲಿ ಅಮೆರಿಕದಲ್ಲಿ 74,061 ಕಾರು ಮಾರಿದ್ದ ಆಡಿ, 1991ರಲ್ಲಿ ಮಾರಿದ್ದು 12,283.

ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ತನಿಖೆ ಮುಗಿಸಿ 1989ರಲ್ಲಿ ವರದಿ ಕೊಟ್ಟಿತು. ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರನ್ನೇ ಒತ್ತಿದ್ದರು. ಗಾಡಿ ನುಗ್ಗಿದಷ್ಟೂ ‘ಬ್ರೇಕ್’ ಬಲವಾಗಿ ಒತ್ತಿದ್ದರು. ಒತ್ತಿದಷ್ಟೂ ಅದು ನುಗ್ಗಿತ್ತು. ಹಾಗೆಂದು ತಪ್ಪೆಲ್ಲ ಚಾಲಕರದೇ ಎಂದು ವರದಿ ಕೈ ತೊಳೆದುಕೊಳ್ಳಲಿಲ್ಲ. ಪೆಡಲುಗಳನ್ನು ಇಟ್ಟಿದ್ದ ರೀತಿ, ಐಡಲ್ ನಿಯಂತ್ರಣ ಕೆಟ್ಟು ಎಂಜಿನ್ ಥಟ್ಟನೆ ಏರಿ ಚಾಲಕರನ್ನು ಬೆಚ್ಚಿಬೀಳಿಸುತ್ತಿದ್ದುದು, ಇವನ್ನೂ ಎಣಿಸಿತು. ನನಗೆ ಈ ವರದಿ ಇಷ್ಟವಾಗುವುದು ಅದಕ್ಕೇ. ಗ್ಯಾರೇಜಿನಲ್ಲಿ ನಾವು ದಿನಾ ನೋಡುವುದು ಇದನ್ನೇ. ಮನುಷ್ಯನ ಕಾಲು ತಪ್ಪುವುದಕ್ಕೂ ಯಂತ್ರದ ಒಂದು ಕೈವಾಡ ಇರುತ್ತದೆ.

ವರದಿಗೆ ಕಾಯದೆ ಆಡಿ 1987ರ ಜನವರಿಯಲ್ಲೇ ಸುಮಾರು ಎರಡೂವರೆ ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಗೇರಿಗೊಂದು ಬೀಗ ಕೂರಿಸತೊಡಗಿತು. ಕಾಲು ಬ್ರೇಕಿನ ಮೇಲೆ ಇದ್ದರೆ ಮಾತ್ರ ಲಿವರ್ ಪಾರ್ಕ್ ಬಿಟ್ಟು ಬರುತ್ತದೆ, ಇಲ್ಲದಿದ್ದರೆ ಅಲ್ಲಾಡುವುದಿಲ್ಲ. ಕಾಲು ತಪ್ಪಿ ಆಕ್ಸಿಲರೇಟರ್ ಮೇಲಿದ್ದವನಿಗೆ ಗೇರೇ ಸಿಗುವುದಿಲ್ಲ. ಇಷ್ಟು ಸರಳ ಉಪಾಯವನ್ನು ಬಿಡುವವರು ಯಾರು? ಒಬ್ಬೊಬ್ಬರಾಗಿ ಬೇರೆ ಕಂಪನಿಗಳೂ ಕೂರಿಸಿದವು. 2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹಿಂದಕ್ಕೆ ಬರುತ್ತಿದ್ದ ಕಾರಿಗೆ ಸಿಕ್ಕಿ ಎರಡು ವರ್ಷದ ಮಗು ತೀರಿಕೊಂಡಿತು. ಆ ಮಗುವಿನ ಹೆಸರಿನ ಕಾಯ್ದೆಗೆ 2008ರ ಫೆಬ್ರವರಿಯಲ್ಲಿ ಅಧ್ಯಕ್ಷರ ಸಹಿ ಬಿತ್ತು. ಕಾರಿನೊಳಗೆ ಆಡುವ ಮಕ್ಕಳು ಲಿವರ್ ಎಳೆದು ಗಾಡಿ ಉರುಳಿಸುವುದನ್ನು ತಡೆಯುವ ಮಾತೂ ಅದರಲ್ಲಿ ಸೇರಿತು: 2010ರ ಸೆಪ್ಟೆಂಬರ್ 1ರಿಂದ ತಯಾರಾಗುವ, ಪಾರ್ಕ್ ಇರುವ ಪ್ರತಿಯೊಂದು ಆಟೊಮ್ಯಾಟಿಕ್ ಕಾರಿಗೂ ಈ ಬೀಗ ಕಡ್ಡಾಯ.

ಇನ್ನು ನನ್ನ ಕೆಲಸದ ಮಾತು. ಬೀಗ ಎಂದರೆ ಲಿವರಿನ ಬುಡದಲ್ಲಿರುವ ಒಂದು ಸೊಲೆನಾಯ್ಡ್: ತಾಮ್ರದ ತಂತಿ ಸುತ್ತಿದ ಉರುಳೆ, ನಡುವೆ ಜಾರುವ ಒಂದು ಸರಳು. ಬ್ರೇಕ್ ಒತ್ತಿದಾಗ ಪೆಡಲಿನ ಮೇಲಿರುವ ಸ್ವಿಚ್ ಹಿಂದಿನ ಕೆಂಪು ದೀಪ ಹತ್ತಿಸುತ್ತದಲ್ಲ, ಅದೇ ಸಂಕೇತ ಇಲ್ಲಿಗೂ ಬರುತ್ತದೆ. ಸರಳು ಸರಿದು ಲಿವರ್ ಬಿಡುಗಡೆಯಾಗುತ್ತದೆ. ಅಂದರೆ ಈ ಬೀಗ ತೆರೆಯಲು ಕರೆಂಟ್ ಬೇಕು. ಬ್ಯಾಟರಿ ಸತ್ತರೆ, ಪೆಡಲ್ ಸ್ವಿಚ್ ಕೆಟ್ಟರೆ, ಬ್ರೇಕ್ ಲೈಟಿನ ಹತ್ತಿಪ್ಪತ್ತು ರೂಪಾಯಿಯ ಫ್ಯೂಸ್ ಹಾರಿದರೆ, ಲಕ್ಷಗಟ್ಟಲೆಯ ಗಾಡಿ ನಿಂತಲ್ಲೇ ಬೇರು ಬಿಡುತ್ತದೆ.

ಬನಶಂಕರಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಗೇ ಆಯಿತು. ಹುಡುಗನೊಬ್ಬ ಗೇಟಿನ ಬಾಯಲ್ಲೇ ಕಾರು ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ವಾಚ್‌ಮನ್ ಹತ್ತಿರ ಏನೋ ಕೇಳಿ ವಾಪಸ್ ಬಂದಿದ್ದಾನೆ. ಎಂಜಿನ್ ಓಡುತ್ತಿದೆ, ಗೇರ್ ಬರುತ್ತಿಲ್ಲ. ಒಳಗೆ ಆಂಬುಲೆನ್ಸ್, ಅದರಲ್ಲಿ ಉಸಿರಿಗೆ ಕಷ್ಟಪಡುತ್ತಿರುವ ಮೊದಲ ಮಹಡಿಯ ಅಜ್ಜ. ಹೊರಗೆ ಹೋಗುವ ದಾರಿ ಅದೊಂದೇ. ಸುತ್ತ ಸೇರಿದವರಲ್ಲಿ ಒಬ್ಬರು ಜೋರಾಗಿ ಎಳಿ ಎನ್ನುತ್ತಾರೆ, ಇನ್ನೊಬ್ಬರು ಎಲ್ಲ ಸೇರಿ ಎತ್ತಿಬಿಡೋಣ ಎನ್ನುತ್ತಾರೆ. ಹುಡುಗನಿಗೆ ನನ್ನ ನಂಬರ್ ಗೊತ್ತಿತ್ತು.

“ಹಿಂದೆ ಯಾರನ್ನಾದ್ರೂ ನಿಲ್ಲಿಸು. ಬ್ರೇಕ್ ಒತ್ತು. ಕೆಂಪು ಲೈಟ್ ಹತ್ತುತ್ತಾ ನೋಡಕ್ಕೆ ಹೇಳು.”

“ಇಲ್ಲ ಅಂಕಲ್, ಹತ್ತುತಾ ಇಲ್ವಂತೆ.”

“ಸರಿ, ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಹ್ಯಾಂಡ್ ಬ್ರೇಕ್ ಎಳಿ. ಗೇರ್ ಪಕ್ಕ ಸಣ್ಣ ಮುಚ್ಚಳ ಇದೆ ನೋಡು, ಅದನ್ನ ಎಬ್ಬಿಸು.”

ಸ್ಕ್ರೂ ಡ್ರೈವರ್ ಇರಲಿಲ್ಲ. ಮನೆಯ ಬೀಗದ ಕೈಯಲ್ಲೇ ಮುಚ್ಚಳ ಎಬ್ಬಿಸಿ, ಅದನ್ನೇ ಕಿಂಡಿಗೆ ತೂರಿಸಿ ಅದುಮಿ, ಕಾಲು ಬ್ರೇಕಿನ ಮೇಲಿಟ್ಟು ಲಿವರ್ ಎಳೆದ. ಬಂತು. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೆ ನಾಲ್ಕು ಜನ ಕಾರನ್ನು ಬದಿಗೆ ತಳ್ಳಿದರು, ಆಂಬುಲೆನ್ಸ್ ಹೋಯಿತು. ಸಂಜೆ ಗಾಡಿ ನನ್ನ ಹತ್ತಿರ ಬಂದಾಗ ನೋಡಿದರೆ, ಯಾರೋ ಡಿಕ್ಕಿಯ ಅಂಚಿಗೆ ಶೋಕಿಗಾಗಿ ಎಲ್‌ಇಡಿ ಪಟ್ಟಿ ಅಂಟಿಸಿ, ಬ್ರೇಕ್ ಲೈಟಿನ ತಂತಿಗೇ ಜಾಯಿಂಟ್ ಹೊಡೆದಿದ್ದರು. ಟೇಪು ಬಿಚ್ಚಿ, ತಂತಿ ಡಿಕ್ಕಿಯ ಕೀಲಿಗೆ ಉಜ್ಜಿ, ಶಾರ್ಟ್ ಆಗಿ ಫ್ಯೂಸ್ ಹಾರಿತ್ತು.

ಆ ಕಿಂಡಿಗೂ ಕಾನೂನಿನ ಚರಿತ್ರೆ ಇದೆ. ಗಾಡಿ ಕಳವು ಮತ್ತು ತಾನಾಗಿ ಉರುಳುವುದನ್ನು ತಡೆಯುವ ಅಮೆರಿಕದ 114ನೇ ಮಾನದಂಡ, ಪಾರ್ಕ್‌ಗೆ ಹಾಕದೆ ಕೀ ಹೊರಗೆ ಬರಬಾರದು ಎಂದು 1990ರ ದಶಕದ ಆರಂಭದಲ್ಲಿ ಬಿಗಿಯಾಯಿತು. ಬಿಗಿ ಮಾಡಿದವರಿಗೇ ಬೇಗ ಹೊಳೆಯಿತು, ಬ್ಯಾಟರಿ ಸತ್ತ ಗಾಡಿಯನ್ನು ಎಳೆದೊಯ್ಯುವುದು ಹೇಗೆ? ಹಾಗಾಗಿ ಬೀಗವನ್ನು ಕೈಯಿಂದ ಬಿಡಿಸುವ ಒಂದು ಸಾಧನ ಇಡಬಹುದು ಎಂದು ಸೇರಿಸಿದರು. ಆ ಸಾಧನ ಕಣ್ಣಿಗೆ ಬೀಳದ ಹಾಗೆ ಮುಚ್ಚಳ ಹಾಕಬಹುದು, ಮುಚ್ಚಳ ಸ್ಕ್ರೂ ಡ್ರೈವರ್ ಅಥವಾ ಬೇರೆ ಉಪಕರಣದಿಂದ ಮಾತ್ರ ತೆರೆಯುವಂತೆ ಇರಬಹುದು ಎಂದೂ ಬರೆದರು. ಉದ್ದೇಶ ಒಳ್ಳೆಯದೇ: ಮಗುವಿನ ಬೆರಳಿಗೆ ಸಿಗಬಾರದು, ಕಳ್ಳನಿಗೆ ಸುಲಭವಾಗಬಾರದು. ಆದರೆ ಹಾಗೆ ಮುಚ್ಚಿದ್ದು ಗಾಡಿಯ ಯಜಮಾನನಿಗೂ ಕಾಣದೇ ಹೋಯಿತು. ಮ್ಯಾನುಯಲ್ ಪುಸ್ತಕದ ಎಲ್ಲೋ ಒಂದು ಪುಟದಲ್ಲಿ ಅದರ ಚಿತ್ರ ಇರುತ್ತದೆ. ಆ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಡ್ಯಾಶ್‌ಬೋರ್ಡಿನೊಳಗೆ ಇರುತ್ತದೆ.

ನಮ್ಮ ಊರಿಗೆ ಈ ಬೀಗ, ಕಿಂಡಿಯ ವಿಷಯ ಬೇರೆ ದಾರಿಯಲ್ಲಿ ಬಂತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಿಂದ ನಮ್ಮದು ತಳ್ಳುವ ಸಂಸ್ಕೃತಿ. ಸ್ಟಾರ್ಟ್ ಆಗದಿದ್ದರೆ ತಳ್ಳು, ದಾರಿಗೆ ಅಡ್ಡ ಇದ್ದರೆ ತಳ್ಳು. ಕಲ್ಯಾಣ ಮಂಟಪಗಳ ಮುಂದೆ, ಗಾಂಧಿ ಬಜಾರಿನ ಬದಿಯಲ್ಲಿ, ಪಾರ್ಕಿಂಗ್ ಹುಡುಗರು ಕೀ ಕೇಳುತ್ತಿರಲಿಲ್ಲ. “ಸಾರ್, ನ್ಯೂಟ್ರಲ್‌ನಲ್ಲಿ ಬಿಟ್ಟೋಗಿ, ಹ್ಯಾಂಡ್ ಬ್ರೇಕ್ ಎಳೀಬೇಡಿ” ಎನ್ನುತ್ತಿದ್ದರು. ಒಂದರ ಹಿಂದೆ ಒಂದು ನಿಂತ ಕಾರುಗಳನ್ನು ಬರೀ ಕೈಯಲ್ಲಿ ಹಿಂದೆ ಮುಂದೆ ಸರಿಸಿ ನಡುವಿನದನ್ನು ಬಿಡಿಸಿಕೊಡುವುದು ಅವರ ವಿದ್ಯೆ. ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ದಕ್ಷಿಣ ಕೊರಿಯಾದ ಅಪಾರ್ಟ್‌ಮೆಂಟುಗಳಲ್ಲಿ ಇಂದಿಗೂ ಅಡ್ಡ ನಿಲ್ಲಿಸಿದ ಕಾರನ್ನು ನ್ಯೂಟ್ರಲ್‌ನಲ್ಲಿ ಬಿಡುವುದು ರೂಢಿ. ಅಲ್ಲಿ ಆಟೊಮ್ಯಾಟಿಕ್ ಕಾರುಗಳೇ ಹೆಚ್ಚಾದ್ದರಿಂದ ಈ ಕಿಂಡಿಯನ್ನು ಬಲ್ಲವರೂ ಹೆಚ್ಚು.

ಹಳೆಯ ಅಮೆರಿಕನ್ ಆಟೊಮ್ಯಾಟಿಕ್‌ಗಳನ್ನೂ ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಚಕ್ರ ತಿರುಗಿದರೆ ಎಣ್ಣೆಯ ಒತ್ತಡ ಕೊಡುವ ಎರಡನೇ ಪಂಪು ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಇರುತ್ತಿತ್ತು. 1960ರ ದಶಕದಲ್ಲಿ ಅದನ್ನು ಕೈಬಿಡತೊಡಗಿದರು. ಈಗ ಎಂಜಿನ್ ಓಡಿದರೆ ಮಾತ್ರ ಎಣ್ಣೆ ಹರಿಯುತ್ತದೆ. ಆದ್ದರಿಂದಲೇ ಆಟೊಮ್ಯಾಟಿಕ್ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಬದಿಗೆ ತಳ್ಳುವುದು ಸರಿ, ಹಗ್ಗ ಕಟ್ಟಿ ಊರೆಲ್ಲ ಎಳೆಯುವುದು ಸರಿಯಲ್ಲ. ಒಳಗೆ ಒಣಗಿ ಸುಡುತ್ತದೆ.

2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂದ ಮೇಲೆ ಕ್ಲಚ್ ಇಲ್ಲದ ಗಾಡಿ ಮಧ್ಯಮ ವರ್ಗದ ಮನೆಗೂ ಬಂತು. ಅದು ಮ್ಯಾನುಯಲ್ ಗೇರ್‌ಬಾಕ್ಸಿಗೇ ಯಂತ್ರದ ಕೈ ಕೊಟ್ಟದ್ದು. ಅದರಲ್ಲಿ ಪಾರ್ಕ್ ಇರಲಿಲ್ಲ, ಗೇರಿನಲ್ಲೇ ಬಿಟ್ಟು ಇಳಿಯಬೇಕು. ಹೀಗಾಗಿ ನಮ್ಮ ಎಷ್ಟೋ ಚಾಲಕರು ಪಾರ್ಕ್ ಇಲ್ಲದ ಆಟೊಮ್ಯಾಟಿಕ್‌ನಿಂದ ಪಾರ್ಕ್ ಇರುವುದಕ್ಕೆ ಹಾರಿದರು. ಬೀಗದ ಪರಿಚಯವನ್ನು ಯಾರೂ ಮಾಡಿಕೊಡಲಿಲ್ಲ. ಡ್ರೈವಿಂಗ್ ಸ್ಕೂಲುಗಳಲ್ಲಿ ಇಂದಿಗೂ ಹೆಚ್ಚಾಗಿ ಕಲಿಸುವುದು ಕ್ಲಚ್ ಇರುವ ಗಾಡಿಯಲ್ಲೇ.

2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆಯ ಸುತ್ತ ನೀರು ನುಗ್ಗಿ ಬಹಳ ದುಬಾರಿ ಕಾರುಗಳು ಬಾನೆಟ್‌ವರೆಗೆ ಮುಳುಗಿದ ಚಿತ್ರ ದೇಶವೆಲ್ಲ ನೋಡಿತು. ನೀರು ಇಳಿದ ಮೇಲೆ ನಮ್ಮಂಥವರಿಗೆ ಕರೆ ಬಂತು. ಹಳೆಯ ಬಗೆಯ ಲಿವರ್ ಇದ್ದ ಗಾಡಿಗಳನ್ನು ಕಿಂಡಿ ಅದುಮಿ ನ್ಯೂಟ್ರಲ್‌ಗೆ ತಂದು ಫ್ಲಾಟ್‌ಬೆಡ್ ಲಾರಿಗೆ ಹತ್ತಿಸಿದೆವು. ಹೊಸ ಬಗೆಯವುಗಳಲ್ಲಿ ಆ ಕಿಂಡಿಯೇ ಇರಲಿಲ್ಲ. ಅವುಗಳ ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ತಂತಿ ಮಾತ್ರ; ಕೊಕ್ಕೆ ಎತ್ತುವುದು ಮೋಟಾರು. ಕೆಲವಕ್ಕೆ ಕನ್ಸೋಲಿನ ಕೆಳಗೋ ನೆಲದ ಮ್ಯಾಟಿನಡಿಯೋ ಎಳೆಯುವ ಒಂದು ಕೇಬಲ್ ಇರುತ್ತದೆ; ಕೆಲವಕ್ಕೆ ಅದೂ ಇಲ್ಲ, ಹೊರಗಿನಿಂದ 12 ವೋಲ್ಟ್ ಕೊಟ್ಟೇ ಬಿಡಿಸಬೇಕು. ಟೆಸ್ಲಾದಂಥ ಬ್ಯಾಟರಿ ಕಾರಿನಲ್ಲಿ ಚಕ್ರ ಬಿಡಿಸುವ ಆಯ್ಕೆ ಪರದೆಯ ಮೇಲಿದೆ, ಪರದೆ ಬೆಳಗಲು ಮತ್ತೆ ಕರೆಂಟ್ ಬೇಕು. ಆ ಕೆಸರಿನಲ್ಲಿ ಅಂಥ ಗಾಡಿಗಳನ್ನು ಜಾಕಿಯಿಂದ ಎತ್ತಿ, ಚಕ್ರದಡಿಗೆ ಗಾಲಿ ಹಲಗೆ ಕೊಟ್ಟು ಇಂಚಿಂಚೇ ಸರಿಸಬೇಕಾಯಿತು.

ತಂತಿಯ ಗೇರು ಹಳೆಯ ರೋಗವನ್ನು ಹೊಸ ವೇಷದಲ್ಲಿ ತಂದದ್ದೂ ಉಂಟು. ಒತ್ತಿದ ಮೇಲೆ ಮತ್ತೆ ನಡುವಿಗೇ ಬಂದು ನಿಲ್ಲುವ ಲಿವರ್ ಇದ್ದ ಸುಮಾರು 11 ಲಕ್ಷ ವಾಹನಗಳನ್ನು ಫಿಯೆಟ್ ಕ್ರೈಸ್ಲರ್ 2016ರ ಏಪ್ರಿಲ್‌ನಲ್ಲಿ ವಾಪಸ್ ಕರೆಯಿತು. ಪಾರ್ಕ್ ಬಿದ್ದಿದೆಯೋ ಇಲ್ಲವೋ ಕೈಗೆ ತಿಳಿಯದೆ ಚಾಲಕರು ಇಳಿದುಬಿಡುತ್ತಿದ್ದರು. ಆ ಪಟ್ಟಿಯಲ್ಲಿದ್ದ ಜೀಪ್ ಗ್ರ್ಯಾಂಡ್ ಚೆರೋಕಿಯೊಂದು ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಮನೆಯಂಗಳದ ಇಳಿಜಾರಿನಲ್ಲಿ ಉರುಳಿ ನಟ ಆಂಟನ್ ಯೆಲ್ಚಿನ್ ತೀರಿಕೊಂಡರು. 1970ರ ದಶಕದ ಫೋರ್ಡ್ ಕಥೆ ನಲವತ್ತು ವರ್ಷದ ನಂತರ ಮತ್ತೆ ನಡೆಯಿತು.

ನನ್ನ ಅಭಿಪ್ರಾಯ ಇಷ್ಟು. ಬೀಗ ಬೇಕೇ ಬೇಕು. ಜೀವಗಳನ್ನು ಕೊಟ್ಟು ಕಲಿತ ಪಾಠ ಅದು. ಅದನ್ನು ಕಿತ್ತು ಹಾಕಿಸಿಕೊಡಿ ಎಂದು ಬರುವ ಗಿರಾಕಿಗಳನ್ನು ನಾನು ವಾಪಸ್ ಕಳಿಸುತ್ತೇನೆ. ಆದರೆ ಬೀಗ ಕೊಟ್ಟವರು ಅದನ್ನು ಬಿಡಿಸುವ ದಾರಿಯನ್ನೂ ಕೊಡಬೇಕು, ಕೊಟ್ಟ ಮೇಲೆ ಹೇಳಿಯೂ ಕೊಡಬೇಕು. ಶೋರೂಮಿನಲ್ಲಿ ಹಾರ ಹಾಕಿ ಫೋಟೊ ತೆಗೆಯುವ ಹೊತ್ತಿನಲ್ಲಿ ಎರಡೇ ನಿಮಿಷ ಇದಕ್ಕೆ ಸಾಕು.

ಅವರು ಹೇಳದಿದ್ದರೆ ನೀವೇ ನೋಡಿಕೊಳ್ಳಿ. ಈ ಭಾನುವಾರ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಮ್ಯಾನುಯಲ್ ತೆಗೆದು ನಿಮ್ಮ ಮಾಡೆಲ್ಲಿನ ಪುಟ ಹುಡುಕಿ. ಸಾಮಾನ್ಯವಾಗಿ ಕ್ರಮ ಇದು: ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ, ಕೀ ಆನ್ ಮಾಡಿ, ಬ್ರೇಕ್ ಒತ್ತಿ ಹಿಡಿಯಿರಿ, ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಮುಚ್ಚಳ ಎಬ್ಬಿಸಿ, ಕಿಂಡಿಯೊಳಗೆ ಅದುಮಿಕೊಂಡೇ ಲಿವರಿನ ಗುಂಡಿ ಒತ್ತಿ ಎನ್‌ಗೆ ತನ್ನಿ. ಎಂಜಿನ್ ಆರಿದ್ದರೆ ಬ್ರೇಕು ಕಲ್ಲಾಗಿರುತ್ತದೆ, ಸ್ಟೇರಿಂಗ್ ಭಾರವಾಗಿರುತ್ತದೆ. ಒಬ್ಬರು ಸೀಟಿನಲ್ಲೇ ಇರಬೇಕು, ಇಳಿಜಾರಿನ ಕಡೆ ಯಾರೂ ನಿಲ್ಲಬಾರದು. ಬಟನ್ನಿನ ಹ್ಯಾಂಡ್ ಬ್ರೇಕ್ ಇರುವ ಗಾಡಿಯಾದರೆ, ಬ್ಯಾಟರಿ ಸತ್ತಾಗ ಅದೂ ಬಿಡುವುದಿಲ್ಲ ಎಂಬುದು ನೆನಪಿರಲಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಒಂದು ಸಲ ಮಾಡಿ ತೋರಿಸಿ. ಸ್ಟೆಪ್ನಿ, ಜಾಕಿಯ ಜೊತೆಗೆ ಒಂದು ಚಪ್ಪಟೆ ಸ್ಕ್ರೂ ಡ್ರೈವರ್ ಇಡಿ, ಡಿಕ್ಕಿಯಲ್ಲಲ್ಲ, ಚಾಲಕರ ಬಾಗಿಲಿನ ಜೇಬಿನಲ್ಲಿ.